ಹನ್ನೆರಡು ಮಿಲಿಮೀಟರ್ ಮೀನಿಗೆ 140 ಡೆಸಿಬೆಲ್ ಸದ್ದು ಸಾಧ್ಯವೇ?

ಪ್ರಶ್ನೆ (ಶಿರಸಿಯಿಂದ): ನಮಸ್ಕಾರ ಸರ್. ಉಗುರಿನಷ್ಟು ಉದ್ದದ ಮೀನೊಂದು ಬಂದೂಕಿನಷ್ಟು ಜೋರಾಗಿ ಸದ್ದು ಮಾಡುತ್ತದೆ ಎಂದು ಓದಿದೆ. ಇದು ನಿಜವೇ? ನಮ್ಮ ತೋಟದ ಹಳ್ಳದಿಂದ ತಂದು ತೊಟ್ಟಿಯಲ್ಲಿ ಸಾಕಿರುವ ಮೀಸೆ ಮೀನನ್ನು ಬಲೆಯಲ್ಲಿ ಎತ್ತಿದಾಗ ಅದೂ ‘ಕಿರ್ರ್’ ಎನ್ನುತ್ತದೆ. ಎರಡೂ ಒಂದೇ ಬಗೆಯ ಸದ್ದೇ?

ಉತ್ತರ (ಕಾರವಾರದ ಮೀನುಶಾಸ್ತ್ರ ಅಧ್ಯಾಪಕರು): ನಮಸ್ಕಾರ. ನೀವು ಓದಿರುವುದು ಮ್ಯಾನ್ಮಾರಿನ ಡೇನಿಯೊನೆಲ್ಲಾ ಸೆರೆಬ್ರಮ್ ಎಂಬ ಸಿಹಿನೀರಿನ ಮೀನಿನ ವಿಷಯ. ಪ್ರಯೋಗಾಲಯಗಳಲ್ಲಿ ಮೊದಲಿನಿಂದ ಇದ್ದರೂ ಅದನ್ನು ಬಹುಕಾಲ ಬೇರೊಂದು ಪ್ರಭೇದವೆಂದೇ ತಿಳಿಯಲಾಗಿತ್ತು. ಈಗಿನ ಹೆಸರು ಬಂದದ್ದು 2021ರಲ್ಲಿ. 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೀನಿನಿಂದ ಅದರ ಮೈಯಷ್ಟೇ ದೂರದಲ್ಲಿ, ಅಂದರೆ 10ರಿಂದ 12 ಮಿಲಿಮೀಟರ್ ಅಂತರದಲ್ಲಿ, ಸದ್ದು 140 ಡೆಸಿಬೆಲ್ ದಾಟುತ್ತದೆ.

ಆದರೆ ಬಂದೂಕಿನ ಹೋಲಿಕೆ ಸರಿಯಲ್ಲ. ನೀರಿನ ಡೆಸಿಬೆಲ್ಲನ್ನೂ ಗಾಳಿಯ ಡೆಸಿಬೆಲ್ಲನ್ನೂ ಅಳೆಯುವ ಆಧಾರಮಟ್ಟಗಳು ಬೇರೆ ಬೇರೆಯಾಗಿರುವುದರಿಂದ ಮತ್ತು ನೀರಿನ ಸಾಂದ್ರತೆಯೂ ಅದರಲ್ಲಿ ಸದ್ದು ಸಾಗುವ ವೇಗವೂ ಹೆಚ್ಚಾಗಿರುವುದರಿಂದ, ಎರಡನ್ನೂ ಹೋಲಿಸಬೇಕಾದರೆ ನೀರಿನ ಅಂಕಿಯಿಂದ ಸುಮಾರು 62ನ್ನು ಕಳೆಯಬೇಕು. ಅದಲ್ಲದೆ ನೀರೊಳಗಿನ ಸದ್ದಿನ ಬಹುಪಾಲು ಮೇಲ್ಮೈಗೆ ಬಡಿದು ಒಳಕ್ಕೇ ಮರಳುತ್ತದೆ. ತೊಟ್ಟಿಯ ಪಕ್ಕ ನಿಂತವರಿಗೆ ಕೇಳಿಸುವುದು ಬರೀ ಟಕಟಕ ಸದ್ದು.

ನನಗೆ ಅಂಕಿಗಿಂತ ಸೋಜಿಗವೆನಿಸುವುದು ಆ ಸದ್ದು ಹುಟ್ಟುವ ಬಗೆ. ಗಂಡು ಮೀನಿಗೆ ಮಾತ್ರ ಇರುವ ವಿಶೇಷ ಸ್ನಾಯುವೊಂದು ಪಕ್ಕೆಲುಬನ್ನು ಎಳೆದಾಗ ಆ ಎಲುಬು ಮೃದ್ವಸ್ಥಿಯ ಒಂದು ತುಣುಕನ್ನು ಬಿಲ್ಲಿನಂತೆ ಬಿಗಿಯುತ್ತದೆ. ಬಿಗಿತ ಕಳಚಿದೊಡನೆ ಆ ತುಣುಕು ಗುರುತ್ವ ವೇಗೋತ್ಕರ್ಷದ 2000 ಪಟ್ಟಿಗೂ ಹೆಚ್ಚಿನ ರಭಸದಿಂದ ಗಾಳಿಚೀಲಕ್ಕೆ ಬಡಿಯುತ್ತದೆ. ನಮ್ಮ ಯಕ್ಷಗಾನದ ಚಂಡೆಯನ್ನು ನೆನೆದರೆ ಮೃದ್ವಸ್ಥಿ ಕೋಲು, ಗಾಳಿಚೀಲ ಚಂಡೆ. ಒಂದೇ ಬದಿಯ ಸ್ನಾಯು ಮತ್ತೆ ಮತ್ತೆ ಬಡಿದರೆ ಸೆಕೆಂಡಿಗೆ ಸುಮಾರು 60 ಪೆಟ್ಟು. ಎಡಬಲಗಳು ಸರದಿಯಲ್ಲಿ ಬಡಿದರೆ ಸುಮಾರು 120.

ನಿಮ್ಮ ಮೀಸೆ ಮೀನಿನದು ಬೇರೆಯೇ ಉಪಾಯ. ಎದೆಯ ಈಜುರೆಕ್ಕೆಯ ಮುಳ್ಳಿನ ಬುಡದಲ್ಲಿರುವ ಏಣುಗಳು ಭುಜದ ಎಲುಬಿನ ಗುಳಿಗೆ ಉಜ್ಜಿದಾಗ ‘ಕಿರ್ರ್’ ಸದ್ದು ಬರುತ್ತದೆ. ಅದು ಹಿಡಿತಕ್ಕೆ ಸಿಕ್ಕ ಮೀನಿನ ಕೂಗು. ಮುಳ್ಳು ಆಗ ನೆಟ್ಟಗೆ ನಿಂತು ಬಿಗಿದುಕೊಳ್ಳುವುದರಿಂದ ಬರಿಗೈಯಲ್ಲಿ ಹಿಡಿಯಬೇಡಿ.

ಮರುಪ್ರಶ್ನೆ: ಧನ್ಯವಾದ ಸರ್. ಆ ಪುಟ್ಟ ಮೀನು ಯಾರಿಗಾಗಿ ಬಡಿಯುತ್ತದೆ? ಉಳಿದ ಮೀನುಗಳಿಗೆ ಅದು ಕೇಳಿಸುತ್ತದೆಯೇ?

ಉತ್ತರ: ಚೆನ್ನಾಗಿಯೇ ಕೇಳಿಸುತ್ತದೆ. ಅದು ಗೆಂಡೆ ಮೀನುಗಳ ಬಳಗಕ್ಕೆ ಸೇರಿದ್ದು. ಈ ಬಳಗದಲ್ಲೂ ಮೀಸೆ ಮೀನುಗಳಲ್ಲೂ ಗಾಳಿಚೀಲದ ಕಂಪನವನ್ನು ಒಳಕಿವಿಗೆ ಒಯ್ಯುವ ಪುಟ್ಟ ಎಲುಬುಗಳ ಸಾಲು ಇದೆ. 1820ರಲ್ಲಿ ಅದನ್ನು ವಿವರಿಸಿದವರು ಜರ್ಮನಿಯ ಅರ್ನ್ಸ್ಟ್ ಹೈನ್‌ರಿಷ್ ವೆಬರ್. ಕಣ್ಣಿಗೆ ದಾರಿ ಕಾಣದ ಕದಡಿದ ನೀರಿನಲ್ಲಿ ಗಂಡುಗಳ ನಡುವಿನ ಪೈಪೋಟಿಯಿಂದ ಈ ಬಡಿತ ಬೆಳೆದು ಬಂದಿರಬೇಕೆಂದು ಸಂಶೋಧಕರು ಊಹಿಸಿದ್ದಾರೆ.

ನಿಮ್ಮ ತೊಟ್ಟಿಯ ಸದ್ದು ಕೇಳಬೇಕೆಂದಿದ್ದರೆ ರಾತ್ರಿ ಗಾಳಿ ಪಂಪನ್ನು ಐದು ನಿಮಿಷ ನಿಲ್ಲಿಸಿ, ಗಾಜಿಗೆ ಕಿವಿಯಿಟ್ಟು ನೋಡಿ. ಪಂಪನ್ನು ಮತ್ತೆ ಹಾಕಲು ಮರೆಯಬೇಡಿ.