ಮೆಸ್ ಬಿಲ್ ಸುದ್ದಿ ಹಾಕಿದ್ದಕ್ಕೆ ವೆಬ್‌ಸೈಟನ್ನೇ ವಿಭಾಗಕ್ಕೆ ಒಪ್ಪಿಸಬೇಕಾ?

ಪಿಬಿ ರೋಡ್ ಸವಾರ: ದಾವಣಗೆರೆಯಲ್ಲಿ ರೂಮು ಮಾಡಿಕೊಂಡಿರುವ ಐದು ಜನ ವಿದ್ಯಾರ್ಥಿಗಳು ನಾವು. ಒಂದು ವರ್ಷದಿಂದ ಸುದ್ದಿ ವೆಬ್‌ಸೈಟ್ ನಡೆಸುತ್ತಿದ್ದೇವೆ. ವಿವಿ ಯಾವುದು ಅಂತ ಕೇಳಬೇಡಿ. ಡೊಮೇನಿನ ದುಡ್ಡು ನಾವೇ ಹಾಕಿಕೊಂಡಿದ್ದು. ಹೋದ ತಿಂಗಳು ಹಾಸ್ಟೆಲ್ ಮೆಸ್ ಬಿಲ್ ಬಗ್ಗೆ ಬರೆದೆವು. ಆರ್‌ಟಿಐ ಹಾಕಿ ತೆಗೆದ ಲೆಕ್ಕ ಅದು, ಬಾಯಿಮಾತಲ್ಲ. ಈಗ ವಿಭಾಗದವರು ಕರೆದು ‘ಸೈಟ್ ನಮಗೆ ಕೊಡಿ, ಸರ್ವರ್ ಖರ್ಚು ನಮ್ಮದು, ಹಾಕುವ ಮುಂಚೆ ಒಬ್ಬ ಮೇಷ್ಟ್ರು ನೋಡುತ್ತಾರೆ’ ಎನ್ನುತ್ತಿದ್ದಾರೆ. ನಾನು ಬೇಡ ಅಂದೆ. ಇಬ್ಬರು ಇಂಟರ್ನಲ್ ಮಾರ್ಕ್ಸ್ ಭಯಕ್ಕೆ ಹೂಂ ಅಂದರು. ನಾವು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ, ಚಿತ್ರ ಮಾಡಿ ಹಾಕುತ್ತೇವೆ. ಅದಕ್ಕೂ ಕೊಂಕು ತೆಗೆದರು. ನೀವೇನಂತೀರಿ?

ನಿವೃತ್ತ ಮೇಷ್ಟ್ರು: ಮುಂಚೆ ನೋಡಿದರೆ ತಪ್ಪೇನು? ಪತ್ರಿಕೆಯಲ್ಲಿ ಸಂಪಾದಕರು ನೋಡುವುದಿಲ್ಲವೇ? ಹುಡುಗರು ಬರೆದಿದ್ದರಲ್ಲಿ ಹೆಸರೂ ತಪ್ಪಿರುತ್ತದೆ, ಅಂಕಿಯೂ ತಪ್ಪಿರುತ್ತದೆ. ಮಾನನಷ್ಟ ಅಂತ ಕೇಸು ಬಿದ್ದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಇದೆ. ‘ನಿಜವನ್ನೇ ಬರೆದೆ’ ಅಂದರೆ ಸಾಲದು, ಜನರ ಒಳಿತಿಗಾಗಿ ಬರೆದೆ ಅಂತಲೂ ತೋರಿಸಬೇಕು. ಅಲ್ಲದೆ ನೋಂದಣಿ ಇಲ್ಲದೆ ಸುದ್ದಿ ಹಾಕುವುದೇ ಕಾನೂನಿಗೆ ವಿರುದ್ಧ.

ನರ್ಗಿಸ್ ಮಂಡಕ್ಕಿ: ‘ಕಾನೂನಿಗೆ ವಿರುದ್ಧ’ ಅಂತೆ! ಸರ್, ಪತ್ರಿಕೆ ನೋಂದಣಿಯ 1867ರ ಕಾಯ್ದೆ ಹೋಯಿತು. 2023ರದ್ದು ಬಂದು 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದು ಅಚ್ಚಾಗುವ ಪತ್ರಿಕೆಗೆ, ವೆಬ್‌ಸೈಟಿಗಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ನೋಡಿ. ಅಲ್ಲಿನ ವಿದ್ಯಾರ್ಥಿ ಪತ್ರಿಕೆ 1973ರಲ್ಲೇ ವಿವಿಯಿಂದ ಬೇರೆಯಾಯಿತು. ವಿವಿಯ ಅಧ್ಯಕ್ಷರ ಸಂಶೋಧನಾ ಪ್ರಬಂಧಗಳ ಬಗ್ಗೆ ಅದು ಬರೆದ ವರದಿಗಳಿಂದ 2023ರಲ್ಲಿ ಅವರು ಕುರ್ಚಿಯನ್ನೇ ಬಿಟ್ಟರು. ಮೇಷ್ಟ್ರು ಮುಂಚೆ ನೋಡಿದ್ದರೆ ಆ ಸುದ್ದಿ ಬರುತ್ತಿತ್ತಾ?

ನಿವೃತ್ತ ಮೇಷ್ಟ್ರು: ಸ್ಟ್ಯಾನ್‌ಫರ್ಡ್ ಕಥೆ ಅರ್ಧ ಹೇಳಬೇಡಿ. ಆ ಅಧ್ಯಕ್ಷರು ಖುದ್ದಾಗಿ ಮೋಸ ಮಾಡಿಲ್ಲ ಅಂತ ತನಿಖಾ ಸಮಿತಿ ಹೇಳಿತು.

ನರ್ಗಿಸ್ ಮಂಡಕ್ಕಿ: ಅವರ ಹೆಸರಿದ್ದ ಪ್ರಬಂಧಗಳಲ್ಲಿ ಲೋಪ ಇದ್ದದ್ದು ನಿಜ ಅಂತಲೂ ಅದೇ ಸಮಿತಿ ಹೇಳಿತು. ಆ ಅರ್ಧವನ್ನು ನೀವು ಬಿಟ್ಟಿರಿ.

ಡಿಟಿಪಿ ಅಣ್ಣ: ಅದೆಲ್ಲ ಇರಲಿ. ನುಡಿಗೆ ಕೊಂಕು ತೆಗೆದವರು ಯಾರು? ಕನ್ನಡ ಗಣಕ ಪರಿಷತ್ತಿನ ತಂತ್ರಾಂಶ ಅದು. ಈ ಊರಿನ ಲಗ್ನಪತ್ರಿಕೆ, ಕರಪತ್ರ ಎಲ್ಲ ಅದರಲ್ಲೇ ಆಗಿದ್ದು. ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲಿ ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ) ಹಾಕಿ ನೋಡಿ, ಕನ್ನಡವೇ ಬರುವುದಿಲ್ಲ.

ಹರಿಹರದ ಹುಡುಗಿ: ಲಗ್ನಪತ್ರಿಕೆಯನ್ನು ಯಾರೂ ಗೂಗಲ್‌ನಲ್ಲಿ ಹುಡುಕುವುದಿಲ್ಲ ಅಣ್ಣ. ಸುದ್ದಿಯನ್ನು ಹುಡುಕುತ್ತಾರೆ. ಹಳೇ ನುಡಿ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದೆ. ಫಾಂಟ್ ಇಲ್ಲದ ಮೊಬೈಲಿನಲ್ಲಿ ಬರೀ ಗಜಿಬಿಜಿ. ಅದಕ್ಕೇ ಇವರು ಚಿತ್ರ ಮಾಡಿ ಹಾಕುತ್ತಿರುವುದು. ನನ್ನ ಗೆಳತಿಗೆ ಕಣ್ಣು ಕಾಣುವುದಿಲ್ಲ, ಫೋನಿನಿಂದ ಓದಿಸಿಕೊಂಡು ಕೇಳುತ್ತಾಳೆ. ಈ ಸೈಟ್ ತೆರೆದರೆ ಫೋನ್ ಸುಮ್ನೆ ಇರುತ್ತದೆ.

ಡಿಟಿಪಿ ಅಣ್ಣ: ‘ಗಜಿಬಿಜಿ’ ಅನ್ನುವ ಮಾತು ವಾಪಸ್ ತಗೊಳ್ಳಿ. ಕೆ.ಪಿ. ರಾಯರ ಕೀಲಿಮಣೆ ಅದು. ಎಷ್ಟು ಜನರ ಹೊಟ್ಟೆ ತುಂಬಿಸಿದೆ ಗೊತ್ತಾ?

ಹರಿಹರದ ಹುಡುಗಿ: ಕೀಲಿಮಣೆ ಬೇರೆ, ಫಾಂಟ್ ಬೇರೆ. ಅದೇ ಕೀಲಿಗಳನ್ನು ಒತ್ತಿ ಯೂನಿಕೋಡ್‌ನಲ್ಲೂ ಬರೆಯಬಹುದು. ರಾಯರಿಗೆ ನಾನೇನೂ ಅಂದಿಲ್ಲ.

ಡಿಟಿಪಿ ಅಣ್ಣ: ಹಳೇ ಫೈಲುಗಳನ್ನು ಏನು ಮಾಡುತ್ತೀರಿ? ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗೆ ಹಾಕಿದರೆ ಅರ್ಕಾವೊತ್ತು ಎಲ್ಲೋ ಹೋಗಿ ಕೂರುತ್ತದೆ. ಸೂರ್ಯನೂ ಕೆಟ್ಟ, ಕಾರ್ಯವೂ ಕೆಟ್ಟಿತು.

ನರ್ಗಿಸ್ ಮಂಡಕ್ಕಿ: ಕೆಟ್ಟದ್ದನ್ನು ಕೈಯಲ್ಲಿ ತಿದ್ದಿದರಾಯಿತು. ಅಷ್ಟಕ್ಕೆ ಸೂರ್ಯನೇ ಮುಳುಗಿದ ಹಾಗೆ ಆಡುತ್ತೀರಲ್ಲ.

ಡಿಟಿಪಿ ಅಣ್ಣ: ತಮ್ಮಾ, ಇಪ್ಪತ್ತು ವರ್ಷ ಈ ಕೀಲಿ ಕುಟ್ಟಿದ ಬೆರಳು ಇವು. ಕೈಯಲ್ಲಿ ತಿದ್ದುವುದು ಅಂದರೆ ಏನು ಅಂತ ನನಗೆ ಹೇಳಿಕೊಡಲು ಬರಬೇಡ.

ಕುಂದವಾಡ ಕೆರೆ ವಾಕರ್: ಬೆಳಿಗ್ಗೆ ವಾಕಿಂಗ್ ಹೋಗುವಾಗ ಹೂಡಿದ ಜಗಳ, ಬಂದು ನೋಡಿದರೆ ಅರ್ಕಾವೊತ್ತಿಗೆ ಬಂದು ನಿಂತಿದೆ! ಹುಡುಗ ಕೇಳಿದ್ದೇನು? ನನಗೆ ಆರ್‌ಟಿಐ ಮಾತು ಹಿಡಿಸಿತು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ ಸುಮಾರು 150 ಪದದೊಳಗೆ. ಹತ್ತು ರೂಪಾಯಿ ಫೀಸು. ಇದನ್ನು ತಿಳಿದು ಲೆಕ್ಕ ತೆಗೆಸಿದ್ದಾರೆ ಅಂದರೆ ಹುಡುಗರು ಪರವಾಗಿಲ್ಲ.

ನಿವೃತ್ತ ಮೇಷ್ಟ್ರು: ‘ಪರವಾಗಿಲ್ಲ’ ಸಾಕೇ? ಆ ಲೆಕ್ಕವನ್ನು ಓದಲು ಹೋದೆ. ಚಿತ್ರ ಹಿಗ್ಗಿಸಿದರೆ ಅಕ್ಷರ ಮಸುಕು. ಇದು ಪತ್ರಿಕೋದ್ಯಮವೇ?

ಹರಿಹರದ ಹುಡುಗಿ: ನೋಡಿ, ಸರ್ ಕೂಡ ನನ್ನ ಕಡೆಗೇ ಬಂದರು.

ನಿವೃತ್ತ ಮೇಷ್ಟ್ರು: ನಾನು ಯಾರ ಕಡೆಗೂ ಬಂದಿಲ್ಲಮ್ಮ. ಕಾಣುವುದಿಲ್ಲ ಅಂದೆ, ಅಷ್ಟೇ.

ಪಿಬಿ ರೋಡ್ ಸವಾರ: ನಾಳೆ ಹನ್ನೊಂದಕ್ಕೆ ವಿಭಾಗಕ್ಕೆ ಹೋಗಬೇಕು. ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟವರು ಒಂದೂವರೆ ಜನ. ಇರಲಿ. ರಾತ್ರಿ ಕೂತು ಮೆಸ್ ಬಿಲ್ ವರದಿಯನ್ನು ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿ ಹಾಕಿದ್ದೇನೆ. ಕನ್ವರ್ಟರ್ ಮುಟ್ಟಿಲ್ಲ ಅಣ್ಣ, ಅರ್ಕಾವೊತ್ತು ಜಾಗದಲ್ಲೇ ಇದೆ.

ನಿವೃತ್ತ ಮೇಷ್ಟ್ರು: ಈಗ ಓದಿದೆ. ಮೂರನೇ ಸಾಲಿನ ಕೂಡಿಕೆ ತಪ್ಪಿದೆ. ಗ್ಯಾಸಿನ ಬಾಬತ್ತನ್ನು ಎರಡು ಸಲ ಸೇರಿಸಿದ್ದೀರಿ.

ಪಿಬಿ ರೋಡ್ ಸವಾರ: ಹೌದು ಸರ್. ತಿದ್ದಿದೆ, ಏನು ತಿದ್ದಿದ್ದು ಅಂತ ಕೆಳಗೆ ಬರೆದಿದ್ದೇನೆ. ಬಿಲ್ ಜಾಸ್ತಿ ಅನ್ನುವುದು ಹಾಗೇ ಉಳಿದಿದೆ. ನೀವು ನೋಡಿದ್ದು ಹಾಕಿದ ಮೇಲೆ, ಮುಂಚೆ ಅಲ್ಲ.

ನಿವೃತ್ತ ಮೇಷ್ಟ್ರು: ಮುಂಚೆ ನೋಡಿದ್ದರೆ ತಪ್ಪೇ ಇರುತ್ತಿರಲಿಲ್ಲ.

ನರ್ಗಿಸ್ ಮಂಡಕ್ಕಿ: ವರದಿಯೂ ಇರುತ್ತಿರಲಿಲ್ಲ.

ಡಿಟಿಪಿ ಅಣ್ಣ: ನಾಲ್ಕನೇ ಸಾಲಿನಲ್ಲಿ ‘ಖರ್ಚು’ ನನ್ನ ಕಂಪ್ಯೂಟರಿನಲ್ಲಿ ಒಡೆದು ಕಾಣುತ್ತಿದೆ. ನಾನು ಹೇಳಲಿಲ್ಲವಾ?

ಹರಿಹರದ ಹುಡುಗಿ: ನಿಮ್ಮ ಕಂಪ್ಯೂಟರಿನಲ್ಲಿ ಯಾವ ವಿಂಡೋಸ್ ಇದೆ ಅಣ್ಣ?

ಡಿಟಿಪಿ ಅಣ್ಣ: ಎಕ್ಸ್‌ಪಿ. ಯಾಕೆ?