ಐದು ರಾತ್ರಿಯ ಪ್ರವಾಸಕ್ಕೆ ಎಷ್ಟು ದ್ವೀಪ: ಅಂಡಮಾನೋ, ಲಕ್ಷದ್ವೀಪವೋ?

ಪ್ರಶ್ನೆ (ಬೆಟಗೇರಿ, ಗದಗ)

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ಮುಗಿದ ಮೇಲೆ ಐದು ರಾತ್ರಿಗಳ ದ್ವೀಪಪ್ರವಾಸ ಮಾಡಬೇಕೆಂದು ನಮ್ಮ ಮನೆಯಲ್ಲಿ ಮಾತಾಗಿದೆ. ಹೋಗುವವರು ನಾವಿಬ್ಬರು, ಎಂಟನೆಯ ತರಗತಿಯ ಮಗ ಮತ್ತು ಅರವತ್ತು ದಾಟಿದ ಅವ್ವ. ಯಾರಿಗೂ ಈಜು ಬರುವುದಿಲ್ಲ. ಅವ್ವ ಶುದ್ಧ ಸಸ್ಯಾಹಾರಿ. ಬಸ್ಸಿನಲ್ಲಿ ಘಟ್ಟ ಇಳಿಯುವಾಗಲೇ ಅವರಿಗೆ ಹೊಟ್ಟೆ ತೊಳಸುತ್ತದೆ. ಏಜೆಂಟರೊಬ್ಬರು ಕೊಟ್ಟಿರುವ ಅಂಡಮಾನ್ ಪಟ್ಟಿಯಲ್ಲಿ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ರಾಸ್, ನಾರ್ತ್ ಬೇ, ಬಾರಾಟಾಂಗ್ ಎಲ್ಲವೂ ಇವೆ. ಮಗನಿಗೆ ಹವಳವನ್ನು ಕಣ್ಣಾರೆ ನೋಡುವುದೊಂದೇ ಹಂಬಲ. ಇಷ್ಟು ದಿನಗಳಲ್ಲಿ ಇಷ್ಟೆಲ್ಲ ಸಾಧ್ಯವೇ, ಅಥವಾ ಲಕ್ಷದ್ವೀಪಕ್ಕೆ ಹೋಗುವುದೇ ಲೇಸೇ ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ (ಸಾಧನಕೇರಿ, ಧಾರವಾಡ)

ಆ ಪಟ್ಟಿಯಲ್ಲಿ ಮೊದಲು ಬಾರಾಟಾಂಗನ್ನು ಹೊಡೆದುಹಾಕಿ. ಅದಕ್ಕೆ ನಸುಕಿಗೂ ಮುಂಚೆ ಎದ್ದು, ಜಾರವಾ ಎಂಬ ಆದಿವಾಸಿಗಳ ಮೀಸಲು ಪ್ರದೇಶದ ರಸ್ತೆಯಲ್ಲಿ ಬೆಂಗಾವಲಿನೊಂದಿಗೆ ಸಾಲಾಗಿ ಸಾಗುವ ವಾಹನಗಳಲ್ಲಿ ಹೋಗಬೇಕು. ಇಡೀ ದಿನ ಹಿಡಿಯುವ ಆ ಪ್ರಯಾಣದಲ್ಲಿ ಸಿಗುವುದು ಸುಣ್ಣಕಲ್ಲಿನ ಗುಹೆ ಮತ್ತು ಕಾಂಡ್ಲಾ ಕಾಡು, ಹವಳವಲ್ಲ. ಐದು ರಾತ್ರಿಗೆ ಹ್ಯಾವ್‌ಲಾಕ್ ಮತ್ತು ನೀಲ್ ಎರಡೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ರಾತ್ರಿ ಪೋರ್ಟ್ ಬ್ಲೇರ್, ಎರಡು ರಾತ್ರಿ ಹ್ಯಾವ್‌ಲಾಕ್, ಒಂದು ರಾತ್ರಿ ನೀಲ್, ಕೊನೆಯ ರಾತ್ರಿ ಮತ್ತೆ ಪೋರ್ಟ್ ಬ್ಲೇರ್. ಈ ಕೊನೆಯ ರಾತ್ರಿಯನ್ನು ಉಳಿಸಲು ಹೋಗಬೇಡಿ. ಗಾಳಿ ಎದ್ದರೆ ಹಡಗು ರದ್ದಾಗುತ್ತದೆ, ವಿಮಾನ ನಿಮಗಾಗಿ ಕಾಯುವುದಿಲ್ಲ.

ದ್ವೀಪ ಬದಲಿಸಿದ ಪ್ರತಿ ದಿನವೂ ಅರ್ಧ ದಿನ ಕಳೆದಂತೆಯೇ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ಹಡಗಿನಲ್ಲಿ ಒಂದೂವರೆಯಿಂದ ಎರಡು ಗಂಟೆಯಾದರೂ, ಕೋಣೆ ಬಿಟ್ಟು, ಜೆಟ್ಟಿಯಲ್ಲಿ ಕಾದು, ಇಳಿದು, ಮತ್ತೊಂದು ಕೋಣೆ ಸೇರುವಷ್ಟರಲ್ಲಿ ಹೊತ್ತು ನೆತ್ತಿಗೇರಿರುತ್ತದೆ. ಅಲ್ಲಿ ಹೊತ್ತು ಮುಳುಗುವುದೂ ಬೇಗ. ಹುಬ್ಬಳ್ಳಿ 75ನೆಯ ರೇಖಾಂಶದಲ್ಲಿದ್ದರೆ ಪೋರ್ಟ್ ಬ್ಲೇರ್ 93ರ ಸಮೀಪದಲ್ಲಿದೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಹೀಗಾಗಿ ಜನವರಿಯಲ್ಲಿ ಸಂಜೆ ಐದೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ರಾಧಾನಗರ ಕಡಲತೀರಕ್ಕೆ ನಾಲ್ಕು ಗಂಟೆಗೇ ಹೋಗಿ ಕೂಡಬೇಕು.

ಹವಳ ನೋಡಲು ಈಜು ಬರಬೇಕೆಂದಿಲ್ಲ. ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚಿನಲ್ಲಿ ಲೈಫ್ ಜಾಕೆಟ್ ತೊಡಿಸಿ, ಮುಖ ನೀರಿನೊಳಗಿರುವಂತೆ ತೇಲಿಸಿ, ಮಾರ್ಗದರ್ಶಕರೇ ಎಳೆದುಕೊಂಡು ಹೋಗುತ್ತಾರೆ. ನಿಮ್ಮ ತಾಯಿಯವರಿಗೆ ನೀಲ್‌ನ ಭರತ್‌ಪುರ ತೀರದಲ್ಲಿ ಗಾಜಿನ ತಳದ ದೋಣಿಗಳಿವೆ. ಸೀರೆ ನೆನೆಯದೆ ಹವಳ ನೋಡಬಹುದು. ನೀಲ್‌ನ ಕಲ್ಲುಕಮಾನಿಗೆ ಮಾತ್ರ ಕಡಲು ಇಳಿದಾಗಲೇ ಹೋಗಬೇಕು, ಮತ್ತು ಅಲ್ಲಿನ ಬಂಡೆ ಜಾರುತ್ತದೆ. ಆದ್ದರಿಂದ ಕಡಲಿನ ಏರಿಳಿತದ ಹೊತ್ತನ್ನು ಹಿಂದಿನ ದಿನವೇ ಕೇಳಿಕೊಂಡು ಮರುದಿನದ ಓಡಾಟವನ್ನು ಗೊತ್ತುಮಾಡಿಕೊಳ್ಳಿ.

ಊಟದ ಚಿಂತೆ ಬೇಡ. ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಊರು ನೀಲ್. ಅಂಡಮಾನಿಗೆಲ್ಲ ಕಾಯಿಪಲ್ಲೆ ಬೆಳೆದುಕೊಡುವ ದ್ವೀಪವದು. ರೊಟ್ಟಿ ಸಿಗದಿರಬಹುದು, ಅನ್ನ, ಬೇಳೆ, ಪಲ್ಯ ಖಂಡಿತ ಸಿಗುತ್ತವೆ. ಇನ್ನೊಂದು ಮಾತು: 2018ರಿಂದ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಗಿದೆ, ನೀಲ್ ಶಹೀದ್ ದ್ವೀಪವಾಗಿದೆ, 2024ರಲ್ಲಿ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ. ಟಿಕೆಟಿನಲ್ಲಿ ಇವನ್ನು ಕಂಡು ಗಾಬರಿಯಾಗಬೇಡಿ.

ಉತ್ತರ (ರಾಣೆಬೆನ್ನೂರು, ಹಾವೇರಿ ಜಿಲ್ಲೆ)

ಮೇಲಿನವರ ಸಲಹೆಯನ್ನು ಗೌರವಿಸುತ್ತಲೇ ಲಕ್ಷದ್ವೀಪದ ಪರವಾಗಿಯೂ ಒಂದು ಮಾತು. ಅಲ್ಲಿ 36 ದ್ವೀಪಗಳಿದ್ದು ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ಹವಳದಿಂದಲೇ ಬೆಳೆದು ನಿಂತ ನೆಲವದು. ಹವಳದ ದಿಬ್ಬವೇ ಸುತ್ತಲೂ ತಡೆಗೋಡೆಯಾಗಿರುವುದರಿಂದ ಒಳಗಿನ ನೀರು ತಿಳಿಯಾಗಿ, ಆಳವಿಲ್ಲದೆ ಇರುತ್ತದೆ. ಈಜು ಬಾರದವರಿಗೆ ಇದಕ್ಕಿಂತ ಒಳ್ಳೆಯ ಜಾಗ ನಮ್ಮ ದೇಶದಲ್ಲಿಲ್ಲ ಎಂದೇ ನನ್ನ ಭಾವನೆ. ಆದರೆ ಪ್ರವೇಶಕ್ಕೆ ಪರವಾನಗಿ ಕಡ್ಡಾಯ, ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ, ಮತ್ತು ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ಅನೇಕ ದ್ವೀಪಗಳಲ್ಲಿ ದಿಬ್ಬದ ಹೊರಗೆ, ಅಲೆಗಳ ನಡುವೆಯೇ ದೊಡ್ಡ ಹಡಗಿನಿಂದ ಸಣ್ಣ ದೋಣಿಗೆ ಇಳಿಯಬೇಕು. ಘಟ್ಟದಲ್ಲೇ ಹೊಟ್ಟೆ ತೊಳಸುವವರನ್ನು ಹಾಗೆ ಇಳಿಸುವುದು ಕಷ್ಟ. ಈ ಸಲ ಅಂಡಮಾನೇ ಇರಲಿ.

ಉತ್ತರ (ವಿದ್ಯಾನಗರ, ಹುಬ್ಬಳ್ಳಿ)

ಮಗನ ಹಂಬಲ ಹವಳವೇ ಆಗಿದ್ದರೆ ಮೊದಲೇ ಕೆಲವು ಸಂಗತಿ ಹೇಳಿಡಿ. ಹವಳವೆಂಬುದು ಕಲ್ಲೂ ಅಲ್ಲ, ಗಿಡವೂ ಅಲ್ಲ. ಸಣ್ಣ ಪ್ರಾಣಿಗಳು ಗುಂಪಾಗಿ ಬಾಳುತ್ತ, ಸುಣ್ಣದ ಗೂಡು ಕಟ್ಟುತ್ತ ಹೋಗಿ ಆ ದಿಬ್ಬ ಬೆಳೆಯುತ್ತದೆ. ಅವುಗಳ ಮೈಯೊಳಗೆ ನೆಲೆಸಿದ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಕೊಡುತ್ತದೆ, ಬಣ್ಣಕ್ಕೂ ಬಹುಮಟ್ಟಿಗೆ ಅದೇ ಕಾರಣ. ಕಡಲ ನೀರು ಹೆಚ್ಚು ಕಾಲ ಬಿಸಿಯಾಗಿ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 2024ರಲ್ಲಿ ಲಕ್ಷದ್ವೀಪದಲ್ಲಿ ಹೀಗೆಯೇ ವ್ಯಾಪಕವಾಗಿ ಆಯಿತು. ಅಂಡಮಾನ್ 2010ರಲ್ಲಿ ದೊಡ್ಡ ಪೆಟ್ಟು ತಿಂದಿತ್ತು. ಹಾಗಾಗಿ ಜಾಹೀರಾತಿನ ಬಣ್ಣವೇ ಎಲ್ಲೆಡೆ ಕಾಣಬೇಕೆಂದು ನಿರೀಕ್ಷಿಸಬಾರದು. ಅದರ ಮೇಲೆ ಕಾಲೂರಿ ನಿಲ್ಲಬಾರದು, ದಡದಲ್ಲಿ ಬಿದ್ದ ತುಂಡನ್ನೂ ತರಬಾರದು. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆಯಾಗುತ್ತದೆ.

ಸಾಧ್ಯವಾದರೆ ಡಿಸೆಂಬರಿನ ಒಂದು ಶನಿವಾರ ಮುರ್ಡೇಶ್ವರಕ್ಕೆ ಹೋಗಿ ಬನ್ನಿ. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ ಹವಳವಿದೆ. ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಮುಳುಗುವುದನ್ನು, ಮಾಡಿಸುವವರು ಈಜು ಬಾರದವರನ್ನೂ ಕೈಹಿಡಿದು ಇಳಿಸುತ್ತಾರೆ. ನೀರಿನೊಳಗೆ ಬಾಯಿಂದ ಉಸಿರಾಡುವುದು ಮಗನಿಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ಅಸ್ತಮಾ, ಹೃದಯದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಸ್ಕೂಬಾಕ್ಕೆ ಇಳಿಯಬಾರದು. ಅಂಡಮಾನಿನಲ್ಲಿ ಸ್ಕೂಬಾ ಮಾಡಿದರೆ ಆಮೇಲೆ 18 ಗಂಟೆಯಾದರೂ ವಿಮಾನ ಹತ್ತಬೇಡಿ; ಧಾರವಾಡದವರು ಹೇಳಿದ ಕೊನೆಯ ರಾತ್ರಿ ಇದಕ್ಕೂ ಒದಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬಾರಾಟಾಂಗ್ ಮತ್ತು ನಾರ್ತ್ ಬೇ ಬಿಟ್ಟೆವು. ಮುರ್ಡೇಶ್ವರದ ಮಾತು ಕೇಳಿ ಮಗ ಈಗಲೇ ದಿನ ಎಣಿಸುತ್ತಿದ್ದಾನೆ. ವಿಮಾನದ ಟಿಕೆಟ್ ಮೊದಲೋ, ಹಡಗಿನದೋ? ಅವ್ವನಿಗೆ ಹಡಗಿನಲ್ಲಿ ಯಾವ ಆಸನ ಒಳ್ಳೆಯದು?

ಉತ್ತರ (ಸಾಧನಕೇರಿ, ಧಾರವಾಡ)

ಮೊದಲು ವಿಮಾನ, ಅದು ಖಚಿತವಾದ ಕೂಡಲೇ ಹಡಗು, ಆಮೇಲೆ ಕೋಣೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಿಂದಿನ ದಿನವೇ ತಲುಪಿರಿ. ರಾತ್ರಿ ರೈಲು ತಡವಾದರೆ ಬೆಳಗಿನ ವಿಮಾನ ತಪ್ಪುತ್ತದೆ. ಹಡಗಿನಲ್ಲಿ ಕೆಳ ಅಂತಸ್ತಿನ ನಡುಭಾಗದ ಆಸನ ಕೇಳಿ, ಮುಂಭಾಗ ಹೆಚ್ಚು ಎತ್ತಿಹಾಕುತ್ತದೆ. ವಾಂತಿಯ ಗುಳಿಗೆಯನ್ನು ನಿಮ್ಮ ವೈದ್ಯರನ್ನು ಕೇಳಿ, ಹಡಗು ಹೊರಡುವುದಕ್ಕೆ ಮುಂಚೆಯೇ ಕೊಡಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ಕೊಟ್ಟರೆ ಅಷ್ಟಾಗಿ ಫಲವಿಲ್ಲ.