ಹೋಮ್ ಕೇರ್ ಆ್ಯಪ್: ಹಾಜರಿ, ರಾತ್ರಿ ಪಾಳಿ, ಮಾತ್ರೆ ಚಾರ್ಟ್ ಯಾವುದೂ ತಾಳೆಯಾಗ್ತಿಲ್ಲ

ರೋಸ್ಟರ್‌ರಗಳೆ:
60 ಕೇರ್‌ಗಿವರ್‌ಗಳು, ದಿನಕ್ಕೆ ಸುಮಾರು 90 ಭೇಟಿ. ಕೆಲವು ಮನೆಗಳಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 8ರ ಪಾಳಿ. ರಿಜಿಸ್ಟರ್ ಬಿಟ್ಟು ಆ್ಯಪ್‌ಗೆ ಬಂದ ಮೇಲೆ ಹೀಗಾಗ್ತಿದೆ:

ರೋಗಿಯ ಕೋಣೆಯಲ್ಲೇ ನಿಂತು ಪಂಚ್ ಮಾಡಿದರೂ (ಆ್ಯಪ್‌ನಲ್ಲಿ ಹಾಜರಿ ಒತ್ತಿದರೂ) ‘ಸ್ಥಳದಿಂದ ಹೊರಗೆ’ ಅಂತ ಕೆಂಪು ಬರುತ್ತೆ. ಮನೆಯಿಂದ 30 ಮೀಟರ್ ಮಿತಿ ಇಟ್ಟಿದ್ದೇವೆ. ನೆಟ್‌ವರ್ಕ್ ಸಿಗದ ಮನೆಗಳಿಂದ ಒಂದೇ ಪಂಚ್ ಎರಡು ಸಲ ಬರುತ್ತೆ. ಸಂಬಳದ ಶೀಟಿನಲ್ಲಿ ರಾತ್ರಿ ಪಾಳಿ ಕೆಲವು ಸಲ ಮೈನಸ್ 12 ಗಂಟೆ, ಕೆಲವು ಸಲ 4 ಗಂಟೆ. ಮಾತ್ರೆ ಕೊಟ್ಟಿದ್ದಕ್ಕೆ ಆ್ಯಪ್‌ನಲ್ಲಿ ಒಂದು ದಾಖಲೆ, ಮನೆಯ ಕಾಗದದಲ್ಲಿ ಇನ್ನೊಂದು.

ಆ್ಯಪ್ ಕಂಪನಿಯವರು ‘ಒಳ್ಳೆ ಫೋನ್ ಕೊಡಿಸಿ’ ಅಂತಾರೆ. ಫೋನಿನದ್ದೇ ತಪ್ಪಾ?

ಗೋಡೆಗಿವಿ:
ಫೋನಿನದ್ದು ಸ್ವಲ್ಪ, 30 ಮೀಟರಿನದ್ದು ಜಾಸ್ತಿ. ಬಯಲಿನಲ್ಲಿ ಫೋನ್ ಜಿಪಿಎಸ್ ಸುಮಾರು 5 ಮೀಟರ್‌ವರೆಗೆ ಸರಿ ಹೇಳುತ್ತೆ. ಕಾಂಕ್ರೀಟ್ ಛಾವಣಿ ಕೆಳಗೆ ಉಪಗ್ರಹದ ಸಿಗ್ನಲ್ ಸರಿಯಾಗಿ ಸಿಗಲ್ಲ, ಫೋನು ವೈ-ಫೈ, ಟವರ್ ನೋಡಿ ಅಂದಾಜು ಮಾಡುತ್ತೆ. ಆಗ ನೂರು ಮೀಟರ್ ಆಚೀಚೆ ಆಗೋದು ಮಾಮೂಲು.

ಸ್ಥಳದ ಜೊತೆಗೆ ಫೋನು ‘ಇಷ್ಟು ಮೀಟರ್ ತಪ್ಪಿರಬಹುದು’ ಅನ್ನೋ ಅಂಕಿಯನ್ನೂ ಕೊಡುತ್ತೆ. ಎಷ್ಟೋ ಆ್ಯಪ್‌ಗಳು ಅದನ್ನು ಉಳಿಸಿಕೊಳ್ಳೋದೇ ಇಲ್ಲ. ಉಳಿಸಿಕೊಳ್ಳಲು ಹೇಳಿ. ಮಿತಿ 150 ಮೀಟರ್ ಇಡಿ. ಆ ಅಂಕಿ 200 ದಾಟಿದ್ದರೆ ಹಸಿರೂ ಬೇಡ, ಕೆಂಪೂ ಬೇಡ, ‘ಖಚಿತವಿಲ್ಲ’ ಅಂತ ಬೇರೆ ಬಣ್ಣ ಇರಲಿ. ಒಂದು ನಿಮಿಷಕ್ಕಿಂತ ಹಳೆಯ ಸ್ಥಳವನ್ನು ಲೆಕ್ಕಕ್ಕೇ ತಗೋಬೇಡಿ, ಅದು ಹಿಂದಿನ ಮನೆಯದ್ದಾಗಿರಬಹುದು.

ಕೆಲವೇ ಫೋನು ಯಾವಾಗಲೂ ಕೆಂಪಾಗಿದ್ದರೆ ಅನುಮತಿ ನೋಡಿ. ಐಫೋನಿನಲ್ಲಿ 2020ರ ಐಒಎಸ್ 14ರಿಂದ, ಆಂಡ್ರಾಯ್ಡ್‌ನಲ್ಲಿ 2021ರ 12ನೇ ಆವೃತ್ತಿಯಿಂದ ಬಳಕೆದಾರರು ‘ಅಂದಾಜು ಸ್ಥಳ’ ಮಾತ್ರ ಕೊಡಬಹುದು. ಹಾಗೆ ಆರಿಸಿಕೊಂಡಿದ್ದರೆ ತಪ್ಪು ಕಿಲೋಮೀಟರ್ ಲೆಕ್ಕದಲ್ಲಿರುತ್ತೆ, ಎಂಥ ದುಬಾರಿ ಫೋನಾದರೂ ಅಷ್ಟೇ.

ಇನ್ನೊಂದು: ವಿಳಾಸ ಟೈಪ್ ಮಾಡಿದಾಗ ಮ್ಯಾಪಿನ ಪಿನ್ನು ಎಷ್ಟೋ ಸಲ ರಸ್ತೆ ಮಧ್ಯೆಯೋ ಅಪಾರ್ಟ್‌ಮೆಂಟ್ ಗೇಟಿನಲ್ಲೋ ಕೂರುತ್ತೆ. ಮೊದಲ ಭೇಟಿಯಲ್ಲೇ ಸೂಪರ್‌ವೈಸರ್ ಬಾಗಿಲ ಬಳಿ ನಿಂತು ಸ್ಥಳ ಹಿಡಿದು ಪಿನ್ ಸರಿಮಾಡಲಿ.

ಹಾಗೂ ಬಗೆಹರಿಯದ ಮನೆಗಳಿಗೆ ಎನ್‌ಎಫ್‌ಸಿ ಟ್ಯಾಗ್ (ಫೋನ್ ತಾಗಿಸಿದರೆ ಓದೋ ಚಿಪ್ ಸ್ಟಿಕ್ಕರ್) ಅಂಟಿಸಿ. ಕಬ್ಬಿಣದ ಬೀರು, ಫ್ರಿಜ್ಜಿನ ಮೇಲೆ ಸಾದಾ ಟ್ಯಾಗ್ ಓದಲ್ಲ. ಅಲ್ಲೇ ಬೇಕಂದರೆ ಲೋಹದ ಅಡ್ಡಿ ತಡೆಯೋ ಫೆರೈಟ್ ಪದರ ಇರುವಂಥದ್ದು ತಗೊಳ್ಳಿ. ಕ್ಯೂಆರ್ ಕೋಡ್ ಬೇಡ, ಫೋಟೊ ತೆಗೆದು ಮನೆಯಲ್ಲಿ ಕೂತೇ ಸ್ಕ್ಯಾನ್ ಮಾಡ್ತಾರೆ. ಎನ್‌ಟ್ಯಾಗ್ 213 ಅನ್ನೋ ಸಾದಾ ಎನ್‌ಎಫ್‌ಸಿ ಟ್ಯಾಗ್ ಕೂಡ ನಕಲು ಮಾಡಬಹುದಾದ್ದೇ, ಆದರೆ ಕ್ಯೂಆರ್‌ನಷ್ಟು ಸಲೀಸಲ್ಲ. ಎನ್‌ಟ್ಯಾಗ್ 424 ಡಿಎನ್‌ಎ ಅನ್ನೋ ಟ್ಯಾಗ್ ಪ್ರತಿ ಸಲ ತಾಗಿಸಿದಾಗಲೂ ಹೊಸ ಕೋಡ್ ಕೊಡುತ್ತೆ, ಅದನ್ನು ಸರ್ವರ್ ಪರೀಕ್ಷಿಸಬೇಕು.

ದಾರಿಯುದ್ದಕ್ಕೂ ಜಾಡು ಹಿಡಿಯೋ ಆಯ್ಕೆ ಇದ್ದರೆ ಆಫ್ ಮಾಡಿಬಿಡಿ. ಮೆಡಿಕೈಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ಮನೆಸೇವೆಗೆ ಭೇಟಿ ದೃಢೀಕರಣ ಕಡ್ಡಾಯ ಮಾಡಿದ ಅಮೆರಿಕದ 2016ರ ಕಾಯ್ದೆಯೂ ಕೇಳೋದು ಆರೇ ವಿವರ: ಯಾವ ಸೇವೆ, ಯಾರಿಗೆ, ಯಾರಿಂದ, ಯಾವ ದಿನ, ಎಲ್ಲಿ, ಶುರುವಾದ ಮತ್ತು ಮುಗಿದ ಹೊತ್ತು. ಉಳಿದದ್ದೆಲ್ಲ ಬ್ಯಾಟರಿ ತಿನ್ನೋಕೆ, ಕೆಲಸದವರ ಮನಸ್ಸು ಕೆಡಿಸೋಕೆ.

ಸಿಂಕ್‌ಸಂಕಟ:
ನಿಮ್ಮ ಅಂಕಿಗಳೇ ರೋಗ ಹೇಳ್ತಿವೆ. ಮೈನಸ್ 12 ಅಂದರೆ ಆ್ಯಪ್ ಬರೀ ಗಂಟೆ ಉಳಿಸಿಕೊಂಡು 8ರಿಂದ 20 (ರಾತ್ರಿ 8) ಕಳೀತಿದೆ, ತಾರೀಖು ಲೆಕ್ಕಕ್ಕೇ ಇಲ್ಲ. ಆ 4 ಗಂಟೆಯ ಸಾಲು ಬಿಡಿಸಿ ನೋಡಿ, 3:59 ಇದ್ದರೆ ಪಂಚ್ ಔಟ್ ಬಾರದ ಪಾಳಿಯನ್ನೆಲ್ಲ ಆ್ಯಪ್ ರಾತ್ರಿ 23:59ಕ್ಕೆ ತಾನೇ ಮುಚ್ಚುತ್ತಿದೆ. ಬೆಳಿಗ್ಗೆ ಬರೋ ಪಂಚ್ ಔಟ್‌ಗೆ ಜೋಡಿ ಸಿಗದೆ ಅನಾಥವಾಗಿ ಬಿದ್ದಿರುತ್ತೆ. ಶುರು, ಮುಗಿತ ಎರಡೂ ತಾರೀಖು ಸಮೇತ ಉಳಿಯಬೇಕು. ಪಾಳಿ ಶುರುವಾದ ದಿನಕ್ಕೆ ಸೇರಬೇಕು. ತಾನಾಗಿ ಮುಚ್ಚೋದಿದ್ದರೆ ನಿಗದಿತ ಮುಕ್ತಾಯಕ್ಕೆ 2 ಗಂಟೆ ಸೇರಿಸಿ ಮುಚ್ಚಲಿ, ಮೇಲೆ ‘ಪರಿಶೀಲಿಸಿ’ ಗುರುತು ಇರಲಿ. ರಜೆ ದಿನದ ಹೆಚ್ಚುವರಿ ಸಂಬಳಕ್ಕೆ ಪಾಳಿಯನ್ನು ನಡುರಾತ್ರಿಯಲ್ಲಿ ಸೀಳೋದು ಲೆಕ್ಕದ ಹಂತದಲ್ಲಿ ಮಾತ್ರ, ಮೂಲ ದಾಖಲೆಯಲ್ಲಿ ಅಲ್ಲ.

ಎರಡೆರಡು ಪಂಚ್‌ಗೆ ಕಾರಣ: ಸರ್ವರ್‌ಗೆ ತಲುಪಿದೆ, ‘ತಲುಪಿತು’ ಅನ್ನೋ ಉತ್ತರ ಫೋನಿಗೆ ಬಂದಿಲ್ಲ, ಫೋನು ಮತ್ತೆ ಕಳಿಸಿದೆ. ಪ್ರತಿ ಪಂಚ್‌ಗೂ ಫೋನಿನಲ್ಲೇ ಒಂದು ವಿಶಿಷ್ಟ ಐಡಿ ಹುಟ್ಟಬೇಕು, ಅದೇ ಐಡಿ ಮತ್ತೆ ಬಂದರೆ ಸರ್ವರ್ ಸುಮ್ಮನೆ ಬಿಡಬೇಕು. ಒತ್ತಿದ ಹೊತ್ತು, ಸರ್ವರ್‌ಗೆ ಸೇರಿದ ಹೊತ್ತು ಎರಡೂ ಬೇರೆ ಬೇರೆ ಕಾಲಮ್ಮಿನಲ್ಲಿರಲಿ.

ಫೋನು ಕಳಿಸದೇ ಕೂತಿದ್ದರೆ ಬ್ಯಾಟರಿ ಸೆಟ್ಟಿಂಗ್ ಕಾರಣ ಇರಬಹುದು. ಆಂಡ್ರಾಯ್ಡ್ 6ರಿಂದ ಡೋಜ್ ಇದೆ: ಸ್ಕ್ರೀನ್ ಆರಿ ಫೋನು ಮೂಲೆಯಲ್ಲಿ ಬಿದ್ದಿದ್ದರೆ ಹಿನ್ನೆಲೆ ಕೆಲಸ ತಡೆಹಿಡಿಯುತ್ತೆ. ಆ್ಯಪ್‌ನ ಬ್ಯಾಟರಿ ಬಳಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ.

ಕಂಪನಿಯವರ ಜೊತೆ ಮಾತಾಡೋ ಮೊದಲು ಈ ಪರೀಕ್ಷೆ ಮಾಡಿ. ಏರೋಪ್ಲೇನ್ ಮೋಡ್ ಹಾಕಿ ಪಂಚ್ ಇನ್. ಫೋನ್ ಆರಿಸಿ ಮತ್ತೆ ಹಚ್ಚಿ. 10 ನಿಮಿಷ ಬಿಟ್ಟು ಪಂಚ್ ಔಟ್. ಏರೋಪ್ಲೇನ್ ಮೋಡ್ ತೆಗೆದು, ಡೇಟಾ ಎರಡು ಮೂರು ಸಲ ಆನ್ ಆಫ್ ಮಾಡಿ. ಸರ್ವರ್‌ನಲ್ಲಿ ಸರಿಯಾಗಿ ಎರಡೇ ಸಾಲು, 10 ನಿಮಿಷದ ಅಂತರ ಇರಬೇಕು. ಒಂದಾಗಲಿ ಮೂರಾಗಲಿ ಇದ್ದರೆ ಅದು ಹೊಸ ಫೋನಿನಿಂದ ಸರಿಹೋಗೋ ಮಾತಲ್ಲ.

ಕೈಯಿಂದ ತಿದ್ದಿದ ಪಂಚ್‌ಗಳನ್ನು ವಾರಕ್ಕೊಮ್ಮೆ ಮನೆವಾರು ಎಣಿಸಿ. ಒಂದೇ ಮನೆಯಲ್ಲಿ ಗುಂಪುಗೂಡಿದ್ದರೆ ಪಿನ್ನೋ ಟ್ಯಾಗೋ ಕೆಟ್ಟಿದೆ, ಒಬ್ಬರದ್ದೇ ಆದರೆ ಆ ಫೋನು ನೋಡಿ, ಒಂದೇ ದಿನ ಎಲ್ಲರದ್ದೂ ಆದರೆ ಆ್ಯಪ್ ಅಪ್‌ಡೇಟ್ ಕಾರಣ.

ಗುಳಿಗೆಪಟ್ಟಿ:
ಹಾಜರಿ ತಪ್ಪಿದರೆ ಹೋಗೋದು ದುಡ್ಡು. ಚಾರ್ಟ್ ಎರಡಿದ್ದರೆ ರೋಗಿಗೆ ಎರಡು ಡೋಸ್ ಹೋಗುತ್ತೆ, ಹಾಗಾಗಿ ಇದನ್ನು ಮೊದಲು ಸರಿಮಾಡಿ. ದಾಖಲೆ ಆ್ಯಪ್‌ನಲ್ಲೇ ಅಂತ ತೀರ್ಮಾನವಾದರೆ ಕಾಗದದ ಚಾರ್ಟ್ ಲಕೋಟೆಯೊಳಗೆ ಮುಚ್ಚಿಡಿ, ಆ್ಯಪ್ ನಿಂತಾಗ ಮಾತ್ರ ಒಡೆಯೋದು. ನೆಟ್ ಇಲ್ಲದಾಗ ಚಾರ್ಟ್ ತೆರೆಯದ ಆ್ಯಪ್ ಆದರೆ ಕಾಗದವೇ ವಾಸಿ.

ಬರೀ ಟಿಕ್ ಸಾಲದು. ಕೊಟ್ಟೆ, ಬೇಡವೆಂದರು, ಮಾತ್ರೆ ಖಾಲಿ, ಬಿಪಿ ನೋಡಿ ತಡೆದೆ — ಇಷ್ಟಾದರೂ ಬೇಕು. ಖಾಲಿ ಬಿಟ್ಟ ಚೌಕ ನೋಡಿದವರು ‘ಕೊಟ್ಟಿಲ್ಲ’ ಅಂತಲೇ ಓದಿಕೊಳ್ಳೋದು.

ನಿಮ್ಮ ಪಾಳಿ ಬದಲಾಗೋದು 8ಕ್ಕೆ. ಬೆಳಿಗ್ಗೆ 8ರ ಮಾತ್ರೆ ಯಾರ ಕೆಲಸ? ಹೋಗುವವರು ಬರುವವರದ್ದು ಅಂತಾರೆ, ಬರುವವರು ಕೊಟ್ಟಾಗಿದೆ ಅಂದ್ಕೋತಾರೆ. ಪಾಳಿ ಬದಲಾಗೋ ಹೊತ್ತಿನ ಡೋಸ್ ಹೋಗುವವರೇ ಕೊಟ್ಟು ಗುರುತು ಹಾಕಿ ಹೋಗಬೇಕು ಅಂತ ನಿಯಮ ಮಾಡಿ. ಆಮೇಲೆ ಇಬ್ಬರೂ ಕೂತು ಸ್ಟ್ರಿಪ್ ಎಣಿಸಲಿ. 15ರ ಸ್ಟ್ರಿಪ್, ದಿನಕ್ಕೆ 2. ನಾಲ್ಕು ದಿನ ಮುಗಿದಾಗ 7 ಉಳಿಯಬೇಕು. 8 ಇದ್ದರೆ ಒಂದು ತಪ್ಪಿದೆ, 6 ಇದ್ದರೆ ಒಂದು ಹೆಚ್ಚಿಗೆ ಹೋಗಿದೆ ಇಲ್ಲವೇ ಮಂಚದ ಕೆಳಗೆ ಬಿದ್ದಿದೆ.

ಆ್ಯಪ್ ಬ್ರ್ಯಾಂಡ್ ಹೆಸರಿನ ಮೇಲೆ ಲೆಕ್ಕ ಇಟ್ಟರೆ ಜ್ವರದ ಮಾತ್ರೆಯಲ್ಲೂ ನೆಗಡಿ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರೋದು ಗೊತ್ತಾಗಲ್ಲ. ದೊಡ್ಡವರಿಗೆ 24 ಗಂಟೆಯಲ್ಲಿ ಗರಿಷ್ಠ ಮಿತಿ 4 ಗ್ರಾಂ; ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. 650 ಮಿಲಿಗ್ರಾಂನ ಆರು ಮಾತ್ರೆಗೇ 3.9 ಗ್ರಾಂ. ಔಷಧಿಯ ಮೂಲ ಹೆಸರಿನ ಕಾಲಮ್ ಬೇಕೇ ಬೇಕು.

ಬಿಪಿ ಹೆಚ್ಚು ಅಂತ ಅಲರ್ಟ್ ಬಂದರೆ ಮೊದಲು ತೋಳಿಗೆ ಸುತ್ತೋ ಪಟ್ಟಿ ನೋಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ, ಕೈ ಎದೆಯ ಮಟ್ಟಕ್ಕಿಂತ ಕೆಳಗೆ ಇಳಿಬಿದ್ದಿದ್ದರೆ ಅಂಕಿ ಏರುತ್ತೆ. 5 ನಿಮಿಷ ಕೂರಿಸಿ ಮತ್ತೆ ನೋಡಿದ ಮೇಲೆ ನರ್ಸ್‌ಗೆ ಹೋಗಲಿ, ಅದೂ ಒಬ್ಬರಿಗೆ. ಹತ್ತು ಜನಕ್ಕೆ ಹೋಗೋ ಅಲರ್ಟನ್ನು ಯಾರೂ ತೆರೆಯಲ್ಲ.

ಅಂದ ಹಾಗೆ ಚಾರ್ಟಿನ ಫೋಟೊ ವಾಟ್ಸಾಪ್ ಗುಂಪಿಗೆ ಹೋಗೋದನ್ನು ಇವತ್ತೇ ನಿಲ್ಲಿಸಿ. ಎಲ್ಲರಿಗೂ ಒಂದೇ ಲಾಗಿನ್ ಪಿನ್ ಕೊಟ್ಟಿದ್ದರೆ ಅದನ್ನೂ.

ರೋಸ್ಟರ್‌ರಗಳೆ:
ಏರೋಪ್ಲೇನ್ ಪರೀಕ್ಷೆ ಆಯ್ತು: ಮೂರು ಸಾಲು, ಅದರಲ್ಲಿ ಎರಡು ಒಂದೇ ಪಂಚ್ ಔಟ್. 4 ಗಂಟೆಯ ಸಾಲುಗಳೆಲ್ಲ 3:59. ನಾಲ್ಕು ಫೋನಿನಲ್ಲಿ ‘ಅಂದಾಜು ಸ್ಥಳ’ ಇತ್ತು. ಹಳೇ ಎರಡು ತಿಂಗಳ ಹಾಜರಿ ಈಗ ಹೇಗೆ ಸರಿಮಾಡೋದು?

ಸಿಂಕ್‌ಸಂಕಟ:
ಮೂಲ ಸಾಲು ಅಳಿಸಬೇಡಿ. ಪಕ್ಕದಲ್ಲಿ ತಿದ್ದಿದ ಹೊತ್ತು, ಕಾರಣ, ತಿದ್ದಿದವರು ಅಂತ ಮೂರು ಕಾಲಮ್ ಸೇರಿಸಿ. 3:59ರ ಪ್ರತಿ ಸಾಲಿಗೂ ಮರುದಿನ ಬೆಳಗಿನ ಅನಾಥ ಪಂಚ್ ಔಟ್ ಹುಡುಕಿ ಜೋಡಿಸಿ, ಅದೇ ಕೇರ್‌ಗಿವರ್, ಅದೇ ಮನೆ ಇರಬೇಕು. ಜೋಡಿ ಸಿಗದಿದ್ದರೆ ಮುಂದಿನ ಪಾಳಿಯವರ ಪಂಚ್ ಇನ್ ನೋಡಿ. ಅದೂ ಇಲ್ಲದ್ದನ್ನು ಮಾತ್ರ ಮನೆಯವರಿಗೆ ಫೋನ್ ಮಾಡಿ ಕೇಳಿ.